ನಮೂನೆ 26: ದಿಲ್ಲಿಗೆ ಹೊರಟವರು ಮೊದಲು ಮನೆಯವರನ್ನು ಕೇಳಬೇಕು

ಧಾರವಾಡ ಇಲ್ಲವೇ ಹಾವೇರಿ ಲೋಕಸಭಾ ಕ್ಷೇತ್ರಕ್ಕೆ ನಿಲ್ಲುವವರ ತಲೆಯಲ್ಲಿ ಟಿಕೆಟ್ಟು, ಜಾತಿ ಲೆಕ್ಕ, 95 ಲಕ್ಷ ರೂಪಾಯಿಯ ವೆಚ್ಚ ಮಿತಿ ಇಷ್ಟೇ ಓಡಾಡುತ್ತಿರುತ್ತವೆ. ನಾಮಪತ್ರದ ಜೊತೆ ಕೊಡುವ ನಮೂನೆ 26ರ ಪ್ರಮಾಣಪತ್ರ ನೆನಪಾಗುವುದು ಕೊನೆಯ ಎರಡು ದಿನದಲ್ಲಿ. ಆದರೆ ಅದರಲ್ಲಿ ಅಭ್ಯರ್ಥಿಯ ಪಕ್ಕದಲ್ಲೇ ಹೆಂಡತಿ ಅಥವಾ ಗಂಡನ ಕಾಲಂ ಇದೆ, ಅವಿಭಕ್ತ ಕುಟುಂಬದ್ದಿದೆ, ಅವಲಂಬಿತರದ್ದಿದೆ. ಪ್ರತಿಯೊಬ್ಬರ ಪಾನ್, 5 ವರ್ಷದ ಆದಾಯ, ಕೈಯಲ್ಲಿನ ನಗದು, ಸಾಲ ಎಲ್ಲ ಬರೆಯಬೇಕು. ಚುನಾವಣೆಗೆ ನಿಲ್ಲುತ್ತೇನೆ ಎಂದು ಎಂದೂ ಹೇಳದ ಮನೆಯಾಕೆಯ ಪೆಟ್ಟಿಗೆ ಮರುದಿನ ಆಯೋಗದ ಜಾಲತಾಣದಲ್ಲಿ ತೆರೆದುಕೊಳ್ಳುತ್ತದೆ.

ಹೆಚ್ಚು ಎಡವುವುದು ಬಂಗಾರದಲ್ಲಿ. ತೂಕ, ಮೌಲ್ಯ ಎರಡೂ ಬೇಕು. ಮನೆಯಲ್ಲಿ ಕೇಳಿದರೆ ‘25 ತೊಲಿ ಐತ್ರಿ’ ಎನ್ನುತ್ತಾರೆ. ಹಳೆಯ ತೊಲಿ 11.66 ಗ್ರಾಂ, ಈಗ ಅಂಗಡಿಯಲ್ಲಿ 10 ಗ್ರಾಂ. ಒಮ್ಮೆ 250 ಗ್ರಾಂ ಎಂದು ಬರೆದು ಮುಂದಿನ ಚುನಾವಣೆಗೆ ಸರಿಯಾಗಿ ತೂಗಿಸಿದರೆ, ಒಂದು ಉಂಗುರವನ್ನೂ ಕೊಳ್ಳದೆ ಸುಮಾರು 41.5 ಗ್ರಾಂ ಏರಿರುತ್ತದೆ. ಎದುರಾಳಿಗೆ ಅಷ್ಟು ಸಾಕು. ಅರಗು ತುಂಬಿದ ಗುಂಡಿನ ಸರ ಬೋರಮಾಳವನ್ನು ಇಡಿಯಾಗಿ ತೂಗಿದರೂ ಲೆಕ್ಕ ಕೆಡುತ್ತದೆ. ಸರಾಫರಿಂದ ನಿವ್ವಳ ತೂಕದ ಚೀಟಿ ಬರೆಸಿ, ತವರಿನಿಂದ ಬಂದದ್ದಾದರೆ ಹಾಗೆಂದೇ ಗುರುತು ಹಾಕಿಡಿ. ಈ ಮಾತು ನಡೆಯಬೇಕಾದದ್ದು ಟಿಕೆಟ್ ಕೇಳುವ ಮೊದಲು. ತವರಿನ ಒಡವೆಯ ತೂಕ ಊರಿಗೆಲ್ಲ ಗೊತ್ತಾಗುವುದು ಬಹಳ ಜನ ಹೆಣ್ಣುಮಕ್ಕಳಿಗೆ ಸಣ್ಣ ಸಂಕಟವಲ್ಲ.

ಜಮೀನಿಗೆ ಹೊಸ ಉತಾರ (ಪಹಣಿ) ತೆಗೆಸಿ. ಅಣ್ಣತಮ್ಮಂದಿರ ಹೆಸರು ಒಟ್ಟಿಗಿದ್ದರೆ ನಿಮ್ಮ ಪಾಲು ಎಷ್ಟು ಎಕರೆ, ಎಷ್ಟು ಗುಂಟೆ ಎಂದು ಬಿಡಿಸಿ ಬರೆಯಿರಿ. ಪಿತ್ರಾರ್ಜಿತವೋ ಕೊಂಡದ್ದೋ ಎಂಬುದೂ ಬೇಕು.

ಮಾರಿದ ಗಾಡಿಯ ಆರ್‌ಸಿ ವರ್ಗಾವಣೆ ಆಗಿದೆಯೇ ನೋಡಿ. ಅರುಣಾಚಲದ ಶಾಸಕರಾಗಿದ್ದ ಕರಿಖೋ ಕ್ರಿ ಅವರ ಆಯ್ಕೆ ಹೈಕೋರ್ಟಿನಲ್ಲಿ ರದ್ದಾಗಿದ್ದಕ್ಕೆ ಒಂದು ಕಾರಣ, ಹೆಂಡತಿ ಮತ್ತು ಮಗನ ಹೆಸರಿನಲ್ಲೇ ದಾಖಲೆಯಲ್ಲಿ ಉಳಿದಿದ್ದ 3 ವಾಹನವನ್ನು ಪ್ರಮಾಣಪತ್ರದಲ್ಲಿ ತೋರಿಸದಿದ್ದದ್ದು. 2024ರಲ್ಲಿ ಸುಪ್ರೀಂ ಕೋರ್ಟ್ ಆಯ್ಕೆಯನ್ನು ಎತ್ತಿಹಿಡಿಯಿತು. ಅಭ್ಯರ್ಥಿಗೂ ಖಾಸಗಿತನವಿದೆ, ಹೆಚ್ಚು ಬೆಲೆಯಿಲ್ಲದ ಪ್ರತಿ ಚರಾಸ್ತಿಯನ್ನೂ ಹೇಳಬೇಕಿಲ್ಲ ಎಂದಿತು. ಇದನ್ನೇ ನೆಪ ಮಾಡಿಕೊಂಡು ಕೈಗಡಿಯಾರ ಬಿಡಬಹುದೇ ಎಂದು ಕೇಳುವವರಿದ್ದಾರೆ. ದುಬಾರಿಯದಾದರೆ ಬರೆದುಬಿಡಿ.

ಕಳಸಾ-ಬಂಡೂರಿಯಂಥ ನೀರಿನ ಹೋರಾಟದಿಂದ ಬಂದವರಿಗೆ ಬೇರೆ ತೊಡಕು. ನರಗುಂದ, ನವಲಗುಂದ ಕಡೆ ರಸ್ತೆ ತಡೆಯ ಎಫ್‌ಐಆರ್‌ನಲ್ಲಿ ತಮ್ಮ ಹೆಸರಿರುವುದೇ ಎಷ್ಟೋ ಮಂದಿಗೆ ತಿಳಿದಿರುವುದಿಲ್ಲ. ಠಾಣೆಯಲ್ಲೂ ಕೋರ್ಟಿನಲ್ಲೂ ಮೊದಲೇ ವಿಚಾರಿಸಿ. ಪ್ರಕರಣವಿದ್ದರೆ ಪತ್ರಿಕೆ, ಟಿವಿಯಲ್ಲಿ 3 ಸಲ ಪ್ರಕಟಿಸಬೇಕು. ಆ ಜಾಹೀರಾತನ್ನು ಮಕ್ಕಳ ಶಾಲೆಯಲ್ಲೂ ಓದುತ್ತಾರೆ ಎಂಬುದು ಗಮನದಲ್ಲಿರಲಿ.

ಯಾವ ಕಾಲಮನ್ನೂ ಖಾಲಿ ಬಿಡಬೇಡಿ, ಗೆರೆಯನ್ನೂ ಎಳೆಯಬೇಡಿ. ‘ಇಲ್ಲ’, ‘ಅನ್ವಯಿಸುವುದಿಲ್ಲ’ ಎಂದು ಬರೆಯಬೇಕು. ಚುನಾವಣಾಧಿಕಾರಿ ಎಚ್ಚರಿಸಿದ ಮೇಲೂ ಖಾಲಿ ಉಳಿದರೆ ನಾಮಪತ್ರ ತಿರಸ್ಕರಿಸಬಹುದೆಂದು 2013ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಬೇಕೆಂದೇ ಮುಚ್ಚಿಟ್ಟರೆ ಪ್ರಜಾಪ್ರತಿನಿಧಿ ಕಾಯ್ದೆಯ 125ಎ ಪ್ರಕಾರ 6 ತಿಂಗಳವರೆಗೆ ಜೈಲು, ದಂಡ, ಅಥವಾ ಎರಡೂ.

ಗೆದ್ದರೆ ಪ್ರಮಾಣವಚನದ 90 ದಿನದೊಳಗೆ ಸ್ಪೀಕರ್‌ಗೆ ಮತ್ತೊಂದು ಆಸ್ತಿ ಪಟ್ಟಿ ಕೊಡಬೇಕು, ಅದರಲ್ಲೂ ಮನೆಯವರ ಲೆಕ್ಕವಿದೆ. ಹಾಗಾಗಿ ಸರಾಫರ ಚೀಟಿ, ಉತಾರ, ಬ್ಯಾಂಕಿನ ಪತ್ರ ಎಲ್ಲದರ ನಕಲನ್ನು ಒಂದೇ ಫೈಲಿನಲ್ಲಿ ಇಟ್ಟು, ಅದನ್ನು ಮನೆಯಾಕೆಯ ಕೈಗೇ ಕೊಡಿ.