ಒಂದು ಸಿನಿಮಾ ಇಡೀ ಸ್ಟುಡಿಯೊವನ್ನೇ ಮುಳುಗಿಸಿತಾ?

ಪ್ರಶ್ನೆ: 'ಹೆವನ್ಸ್ ಗೇಟ್' ಎಂಬ ವೆಸ್ಟರ್ನ್ (ಕೌಬಾಯ್ ಮಾದರಿಯ) ಸಿನಿಮಾದಿಂದ ಹಾಲಿವುಡ್‌ನ ಯುನೈಟೆಡ್ ಆರ್ಟಿಸ್ಟ್ಸ್ ಕಂಪನಿಯೇ ಮುಳುಗಿತು ಅಂತಾರೆ. ನಿರ್ದೇಶಕನೊಬ್ಬನ ಹಟಕ್ಕೆ ಅಷ್ಟು ದೊಡ್ಡ ಕಂಪನಿ ಬಲಿಯಾಗೋದು ಸಾಧ್ಯವಾ?

ಉತ್ತರ: ದುಡ್ಡು ಹೋಗಿದ್ದು ನಿಜ, ಹಟವೂ ನಿಜ. ಆದರೆ ಎಲ್ಲವನ್ನೂ ನಿರ್ದೇಶಕ ಮೈಕೆಲ್ ಚಿಮಿನೊ ತಲೆಗೆ ಕಟ್ಟೋದು ನನಗೆ ಒಪ್ಪಿಗೆಯಿಲ್ಲ. ಮೂಗುದಾರ ಬಿಚ್ಚಿಕೊಟ್ಟವರು ಕಂಪನಿಯವರೇ.

ಚಾಪ್ಲಿನ್ ಮತ್ತು ಗೆಳೆಯರು 1919ರಲ್ಲಿ ಕಟ್ಟಿದ ಕಂಪನಿ ಅದು. ಆಮೇಲೆ ಟ್ರಾನ್ಸ್‌ಅಮೆರಿಕ ಎಂಬ ವಿಮಾ ಕಂಪನಿಯ ಕೈಸೇರಿತ್ತು. ಈ ಮಾಲೀಕರ ಜೊತೆ ಜಗಳವಾಗಿ 1978ರ ಜನವರಿಯಲ್ಲಿ ಹಳೆಯ ಮುಖ್ಯಸ್ಥರೆಲ್ಲ ಒಟ್ಟಿಗೆ ಹೊರನಡೆದರು. ಹೊಸದಾಗಿ ಕುರ್ಚಿಯಲ್ಲಿ ಕೂತವರಿಗೆ ತುರ್ತಾಗಿ ಒಂದು ದೊಡ್ಡ ಸಿನಿಮಾ ಬೇಕಿತ್ತು. ಸಿಕ್ಕಿದ್ದು ಚಿಮಿನೊ. 1979ರ ಏಪ್ರಿಲ್‌ನಲ್ಲಿ ಅವರ 'ದಿ ಡೀರ್ ಹಂಟರ್' ಐದು ಆಸ್ಕರ್ ಗೆದ್ದಿತು. ಅದಾಗಿ ಒಂದೇ ವಾರಕ್ಕೆ ಅಮೆರಿಕದ ಮೊಂಟಾನಾ ರಾಜ್ಯದಲ್ಲಿ 'ಹೆವನ್ಸ್ ಗೇಟ್' ಶೂಟಿಂಗ್ ಶುರು. ಅಂಥ ಹೊತ್ತಿನಲ್ಲಿ ಅವರಿಗೆ 'ಬೇಡ' ಅನ್ನೋರು ಯಾರು?

ಎಡವಟ್ಟು ಆಗಿದ್ದು ಕರಾರಿನಲ್ಲಿ. 1979ರ ಕ್ರಿಸ್‌ಮಸ್‌ಗೆ ಸಿನಿಮಾ ಬಿಡುಗಡೆ ಆಗಲೇಬೇಕು ಅಂತ ಕಂಪನಿಗೆ ಆಸೆ. ಹಾಗಾಗಿ, ಆ ದಿನಾಂಕಕ್ಕೆ ಮುಗಿಸಲು ಎಷ್ಟೇ ಜಾಸ್ತಿ ಖರ್ಚಾದರೂ ಅದಕ್ಕೆ ನಿರ್ದೇಶಕರಿಗೆ ದಂಡ ಹಾಕುವಂತಿಲ್ಲ ಅಂತ ಬರೆದುಕೊಟ್ಟರು. ಇಷ್ಟು ಬರೆದುಕೊಟ್ಟ ಮೇಲೆ ಬಜೆಟ್ ಅನ್ನೋದು ಸುಮ್ನೆ ಹೆಸರಿಗೆ, ಅಲ್ವಾ?

ಮೊದಲ ಆರು ದಿನ ಮುಗಿಯುವಷ್ಟರಲ್ಲಿ ಕೆಲಸ ಐದು ದಿನ ಹಿಂದೆ ಬಿದ್ದಿತ್ತು. ಚಿಮಿನೊ ಕಣ್ಣಿಗೆ ಒಪ್ಪುವವರೆಗೂ ಒಂದೇ ಶಾಟ್‌ಗೆ ಟೇಕ್ ಮೇಲೆ ಟೇಕ್. ಸೆಟ್‌ನಲ್ಲಿ ಒಂದು ಬೀದಿ ಕಟ್ಟಿ ನಿಲ್ಲಿಸಿದ್ದರು. ಅದನ್ನು ನೋಡಿ ಚಿಮಿನೊ, ಇನ್ನೂ ಆರು ಅಡಿ ಅಗಲ ಬೇಕು ಅಂದರು. ಒಂದು ಸಾಲನ್ನಷ್ಟೇ ಕೆಡವಿ ಆರು ಅಡಿ ಹಿಂದಕ್ಕೆ ಕಟ್ಟಿದರೆ ಖರ್ಚು ಕಡಿಮೆ ಅಂತ ಕಟ್ಟಡದ ಮೇಸ್ತ್ರಿ ಹೇಳಿದರು. ಚಿಮಿನೊ ಕೇಳಲಿಲ್ಲ. ಎರಡೂ ಕಡೆಯ ಸಾಲು ಕೆಡವಿ ಮೂರು ಮೂರು ಅಡಿ ಹಿಂದಕ್ಕೆ ಕಟ್ಟಿಸಿದರು.

ಕೊನೆಗೆ ಕೈಗೆ ಬಂದ ಫಿಲಂ ಸುಮಾರು 13 ಲಕ್ಷ ಅಡಿ. ಕ್ರಿಸ್‌ಮಸ್ ಯಾವತ್ತೋ ಕಳೆದಿತ್ತು. 1980ರಲ್ಲಿ ಕಂಪನಿಯವರಿಗೆ ತೋರಿಸಿದ ಮೊದಲ ಪ್ರತಿ ಐದು ಗಂಟೆಗೂ ಜಾಸ್ತಿ ಓಡಿತು. ಅದನ್ನು 219 ನಿಮಿಷಕ್ಕೆ ಇಳಿಸಿ ನವೆಂಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಬಿಡುಗಡೆ ಮಾಡಿದರು. ವಿಮರ್ಶಕರು ಹರಿದು ಹಾಕಿದರು, ವಾರದೊಳಗೆ ವಾಪಸ್. ಮುಂದಿನ ವರ್ಷ ಇನ್ನೂ ಕತ್ತರಿಸಿ ತಂದರು, ಆಗಲೂ ತೋಪು. ಸುಮಾರು 1.16 ಕೋಟಿ ಡಾಲರ್ ಅಂದುಕೊಂಡಿದ್ದ ಸಿನಿಮಾಕ್ಕೆ ಪ್ರಚಾರವೂ ಸೇರಿ 4.4 ಕೋಟಿ ಖರ್ಚಾಗಿತ್ತು. ಬಂದಿದ್ದು ಸುಮಾರು 35 ಲಕ್ಷ.

ಹಾಗಂತ ಕಂಪನಿ ದಿವಾಳಿಯಾಯಿತಾ? ಇಲ್ಲ. ಜೇಮ್ಸ್ ಬಾಂಡ್ ಸಿನಿಮಾಗಳು ಅವರ ಕೈಯಲ್ಲೇ ಇದ್ದವು. ಟ್ರಾನ್ಸ್‌ಅಮೆರಿಕಕ್ಕೆ ಈ ನಷ್ಟ ತಡೆದುಕೊಳ್ಳುವ ಶಕ್ತಿಯೂ ಇತ್ತು. ಆದರೆ ಈ ರಗಳೆಯೇ ಬೇಡ ಅನ್ನಿಸಿ 1981ರಲ್ಲಿ ಕಂಪನಿಯನ್ನು ಎಂಜಿಎಂ ಎಂಬ ಇನ್ನೊಂದು ಸ್ಟುಡಿಯೊಗೆ ಮಾರಿಬಿಟ್ಟಿತು. ಸ್ವತಂತ್ರವಾಗಿ ನಡೆಯುತ್ತಿದ್ದ ಸ್ಟುಡಿಯೊ ಅಲ್ಲಿಗೆ ಮುಗಿಯಿತು.

ನನಗೆ ಕ್ಷಮಿಸಲಾಗದ್ದು ಪ್ರಾಣಿಗಳ ವಿಷಯ. ಶೂಟಿಂಗ್‌ನಲ್ಲಿ ನಿಜವಾದ ಕೋಳಿ ಅಂಕ ನಡೆಸಿದರು, ಕುದುರೆಗಳೂ ಸತ್ತವು. ಈ ಗಲಾಟೆಯ ಮೇಲೆಯೇ ಅಮೆರಿಕದಲ್ಲಿ ಶೂಟಿಂಗ್ ಜಾಗಕ್ಕೆ ಬಂದು ಪ್ರಾಣಿಗಳ ಮೇಲೆ ನಿಗಾ ಇಡುವ ಹಕ್ಕು ಅಮೆರಿಕನ್ ಹ್ಯುಮೇನ್ ಸಂಸ್ಥೆಗೆ ಸಿಕ್ಕಿತು.

ಸಿನಿಮಾ ನೋಡುವ ಮನಸ್ಸಿದ್ದರೆ ಕತ್ತರಿಸಿದ ಪ್ರತಿ ಬೇಡ. 2012ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದ, ಮೂರೂವರೆ ಗಂಟೆ ಮೀರಿದ ಪ್ರತಿಯನ್ನೇ ಹುಡುಕಿ ನೋಡಿ. ವಿಲ್ಮೋಸ್ ಜಿಗ್ಮಂಡ್ ಅವರ ಕ್ಯಾಮೆರಾ ಕೆಲಸಕ್ಕಾದರೂ ಅಷ್ಟು ಹೊತ್ತು ಕೂರಬಹುದು.