ಸೀಟಿಗೂ ಗೋಲಿಗೂ ಮಧ್ಯೆ: ಅಮೆರಿಕದ ಕಾಲೇಜು ಐಸ್ ಹಾಕಿಯ ನಿಯಮಗಳು ಬೆಳೆದು ಬಂದ ಬಗೆ

2015ರ ಏಪ್ರಿಲ್ 11. ಬಾಸ್ಟನ್ನಿನ ಟಿಡಿ ಗಾರ್ಡನ್ ಕ್ರೀಡಾಂಗಣದಲ್ಲಿ ಕಾಲೇಜು ಐಸ್ ಹಾಕಿಯ ಫೈನಲ್. ಬಾಸ್ಟನ್ ಯೂನಿವರ್ಸಿಟಿ 3, ಪ್ರಾವಿಡೆನ್ಸ್ ಕಾಲೇಜು 2. ಆಟ ಮುಗಿಯಲು ಒಂಬತ್ತು ನಿಮಿಷವೂ ಉಳಿದಿಲ್ಲ. ಪ್ರಾವಿಡೆನ್ಸ್‌ನ ಟಾಮ್ ಮಾಲ್ಡಿನ್, ತನ್ನ ತಂಡದವರು ಬೆಂಚಿಗೆ ಹೋಗಿ ಹೊಸಬರು ಇಳಿಯಲು ಹೊತ್ತು ಸಿಗಲಿ ಎಂದು, ಪಕ್ ಎಂಬ ರಬ್ಬರ್ ಬಿಲ್ಲೆಯನ್ನು ಎತ್ತರಕ್ಕೆ ಎದುರಾಳಿಗಳ ಕಡೆ ತೂರಿಬಿಟ್ಟ. ಗೋಲು ಹೊಡೆಯುವ ಯೋಚನೆಯೇ ಅವನಿಗೆ ಇರಲಿಲ್ಲ.

ಬಾಸ್ಟನ್ ಗೋಲ್‌ಕೀಪರ್ ಮ್ಯಾಟ್ ಒ'ಕಾನರ್ ಅದನ್ನು ಗ್ಲೌಸಿನಲ್ಲಿ ಆರಾಮಾಗಿ ಹಿಡಿದ. ಎದುರಾಳಿ ಮೈಮೇಲೆ ಬಂದಿದ್ದರೆ ಅವನು ಬಿಲ್ಲೆಯನ್ನು ಬಿಗಿಯಾಗಿ ಹಿಡಿದು ಕೂರುತ್ತಿದ್ದ, ರೆಫರಿ ಸೀಟಿ ಊದಿ ಆಟ ನಿಲ್ಲಿಸುತ್ತಿದ್ದರು. ಹಾಗೆ ಯಾರೂ ಮೇಲೆ ಬೀಳದಿದ್ದಾಗ ಗೋಲ್‌ಕೀಪರ್ ಬಿಲ್ಲೆ ಹಿಡಿದು ನಿಂತರೆ, ಬೇಕೆಂದೇ ಆಟ ನಿಲ್ಲಿಸಿದ ತಪ್ಪಿಗೆ ಶಿಕ್ಷೆಯಾಗಬಹುದು. ಹಾಗಾಗಿ ಇಂಥ ಹೊತ್ತಿನಲ್ಲಿ ಬಿಲ್ಲೆಯನ್ನು ಕೆಳಗಿಟ್ಟು ಆಟ ಮುಂದುವರಿಸುವುದು ರೂಢಿ. ಒ'ಕಾನರ್ ಗ್ಲೌಸಿನಿಂದ ಬಿಲ್ಲೆ ಜಾರಿತು. ಎಲ್ಲಿ ಬಿತ್ತೆಂದು ಅವನಿಗೇ ಗೊತ್ತಾಗಲಿಲ್ಲ. ಹುಡುಕುವ ಗಡಿಬಿಡಿಯಲ್ಲಿ ಅದು ಅವನ ಕಾಲುಗಳ ನಡುವೆಯೇ ನುಸುಳಿ ಗೋಲಿನ ಗೆರೆ ದಾಟಿತು. 3-3. ಎರಡು ಚಿಲ್ಲರೆ ನಿಮಿಷದಲ್ಲಿ ಬ್ರ್ಯಾಂಡನ್ ಟಾನೆವ್ ಇನ್ನೊಂದು ಹೊಡೆದ. ಪ್ರಾವಿಡೆನ್ಸ್ ಮೊದಲ ಬಾರಿಗೆ ಚಾಂಪಿಯನ್ ಆಯಿತು.

ಅಲ್ಲಿ ಸೀಟಿ ಊದಿದ್ದರೆ ಆ ಗೋಲು ಇರುತ್ತಿರಲಿಲ್ಲ. ಊದಲು ಕಾರಣವೂ ಇರಲಿಲ್ಲ. ಐಸ್ ಹಾಕಿಯ ನಿಯಮಗಳ ಪುಸ್ತಕ ತಿರುವಿದಷ್ಟೂ ನನಗೆ ಅನಿಸುವುದು ಇಷ್ಟು: ನೂರೈವತ್ತು ವರ್ಷಗಳಿಂದ ಈ ಆಟ ಚರ್ಚಿಸುತ್ತಿರುವುದು ಒಂದೇ ಪ್ರಶ್ನೆಯನ್ನು. ಆಟವನ್ನು ಯಾವಾಗ ನಿಲ್ಲಿಸಬೇಕು, ಯಾವಾಗ ಓಡಲು ಬಿಡಬೇಕು? ಜನ ಮರೆಯದ ಗೋಲುಗಳಲ್ಲಿ ಹೆಚ್ಚಿನವು ಆ ಎರಡರ ಅಂಚಿನಲ್ಲೇ ಬಂದಿವೆ.

ನಮ್ಮಲ್ಲಿ ಹಾಕಿ ಎಂದರೆ ಕಣ್ಣ ಮುಂದೆ ಬರುವುದು ಕೊಡಗಿನ ಮೈದಾನ. ಮಂಜುಗಡ್ಡೆಯ ಹಾಕಿಯನ್ನು ಬೇರೆಯೇ ಕುಲದ ಆಟ ಎಂದುಕೊಳ್ಳುತ್ತೇವೆ. ಆದರೆ ಬೇರು ಒಂದೇ. 1875ರ ಮಾರ್ಚ್ 3ರಂದು ಕೆನಡಾದ ಮಾಂಟ್ರಿಯಲ್‌ನಲ್ಲಿ, ವಿಕ್ಟೋರಿಯಾ ಸ್ಕೇಟಿಂಗ್ ರಿಂಕ್ ಎಂಬ ಕಟ್ಟಡದೊಳಗೆ ಜೇಮ್ಸ್ ಕ್ರೈಟನ್ ಎಂಬವರ ಮುಂದಾಳತ್ವದಲ್ಲಿ ಒಂದು ಆಟ ನಡೆಯಿತು. ಚೆಂಡು ಹಾರಿ ನೋಡುಗರಿಗೆ ಬಡಿಯಬಾರದೆಂದು ಮರದ ಚಪ್ಪಟೆ ಬಿಲ್ಲೆ ಬಳಸಿದರು. ಎರಡು ವರ್ಷದ ನಂತರ ಮಾಂಟ್ರಿಯಲ್‌ನ ಪತ್ರಿಕೆಯಲ್ಲಿ ಅಚ್ಚಾದ ನಿಯಮಗಳು ಇಂಗ್ಲೆಂಡಿನ ಹುಲ್ಲಿನ ಹಾಕಿಯಿಂದ ಹೆಚ್ಚುಕಡಿಮೆ ಎತ್ತಿಕೊಂಡವು. ಆಟ ಶುರುವಾಗುವುದೂ ನಿಂತ ಮೇಲೆ ಮತ್ತೆ ಶುರುವಾಗುವುದೂ 'ಬುಲ್ಲಿ'ಯಿಂದ ಎಂದು ಅದರಲ್ಲಿತ್ತು. ಇಬ್ಬರು ಎದುರುಬದುರು ನಿಂತು ನೆಲಕ್ಕೊಮ್ಮೆ, ಸ್ಟಿಕ್ಕಿಗೊಮ್ಮೆ ತಟ್ಟಿ ಚೆಂಡಿಗೆ ಮುಗಿಬೀಳುವ ಆ ಬುಲ್ಲಿಯನ್ನು ಹಳೆಯ ಹಾಕಿ ನೋಡಿದವರು ಮರೆತಿರಲಾರರು. ಇವತ್ತಿನ ಐಸ್ ಹಾಕಿಯ ಫೇಸ್‌ಆಫ್ ಅದರ ಮೊಮ್ಮಗ.

ಆ ಕಾಲದಲ್ಲಿ ಬಿಲ್ಲೆಯನ್ನು ಮುಂದಕ್ಕೆ ಪಾಸ್ ಮಾಡುವಂತೆಯೇ ಇರಲಿಲ್ಲ. ರಗ್ಬಿಯ ಹಾಗೆ, ಬಿಲ್ಲೆಗಿಂತ ಮುಂದೆ ಇದ್ದವನು ಆಟದಲ್ಲಿ ಇಲ್ಲದವನ ಲೆಕ್ಕ. ಮುಂದಿದ್ದವನ ಕಡೆಗೆ ತಳ್ಳಿದರೆ ಆಟ ನಿಲ್ಲಿಸಿ ಮತ್ತೆ ಶುರು. ಎಷ್ಟು ಸಲ ನಿಲ್ಲುತ್ತಿತ್ತೋ ಊಹಿಸಿಕೊಳ್ಳಿ. ನಿಲ್ಲಿಸಲು ರೆಫರಿ ಬಳಸುತ್ತಿದ್ದದ್ದು ಸೀಟಿಯಲ್ಲ, ಕೈಗಂಟೆ. ನೋಡಲು ಬಂದವರೂ ಗಂಟೆ ತಂದು ಬಾರಿಸಿ ಆಟಗಾರರನ್ನು ದಾರಿ ತಪ್ಪಿಸತೊಡಗಿದ್ದರಿಂದ ಫ್ರೆಡ್ ವಾಗ್‌ಹಾರ್ನ್ ಎಂಬ ಕೆನಡಾದ ರೆಫರಿ ಸೀಟಿಗೆ ಬದಲಾಯಿಸಿದರು ಎನ್ನುತ್ತಾರೆ. ಫೇಸ್‌ಆಫ್‌ನಲ್ಲಿ ಬಿಲ್ಲೆಯನ್ನು ನೆಲದ ಮೇಲಿಡುವ ಬದಲು ಮೇಲಿನಿಂದ ಬೀಳಿಸುವ ಪದ್ಧತಿಯೂ ಅವರದ್ದೇ ಎಂಬ ಮಾತಿದೆ. ಒಮ್ಮೆ ಬಿಲ್ಲೆ ಎರಡು ಹೋಳಾಗಿ ಒಂದು ಹೋಳು ಮಾತ್ರ ಗೋಲಿನೊಳಗೆ ಹೋಯಿತಂತೆ. ಅರ್ಧ ಬಿಲ್ಲೆ ಬಿಲ್ಲೆಯಲ್ಲ, ಗೋಲು ಇಲ್ಲ ಎಂದು ವಾಗ್‌ಹಾರ್ನ್ ತೀರ್ಪು ಕೊಟ್ಟರೆಂಬ ಕಥೆಯನ್ನು ಇವತ್ತಿಗೂ ಹೇಳುತ್ತಾರೆ.

ಗಡಿಯ ಈಚೆ, ಅಮೆರಿಕದ ಕಾಲೇಜುಗಳಿಗೆ ಆಟ ಬಂದದ್ದು 1890ರ ದಶಕದಲ್ಲಿ. 1896ರ ಫೆಬ್ರವರಿಯಲ್ಲಿ ಬಾಲ್ಟಿಮೋರ್‌ನಲ್ಲಿ ಯೇಲ್ ಮತ್ತು ಜಾನ್ಸ್ ಹಾಪ್‌ಕಿನ್ಸ್ ಆಡಿದ್ದನ್ನು ಅಲ್ಲಿನ ಮೊದಲ ಅಂತರ್‌ಕಾಲೇಜು ಪಂದ್ಯ ಎಂದು ಸಾಮಾನ್ಯವಾಗಿ ಎಣಿಸುತ್ತಾರೆ. 2-2 ಡ್ರಾ. ಕಾಲೇಜು ಕ್ರೀಡೆಗಳ ಆಡಳಿತ ನೋಡಿಕೊಳ್ಳುವ ಎನ್‌ಸಿಎಎ ರಾಷ್ಟ್ರಮಟ್ಟದ ಟೂರ್ನಿ ಶುರುಮಾಡಿದ್ದು ಅರ್ಧ ಶತಮಾನ ಕಳೆದ ಮೇಲೆ, 1948ರಲ್ಲಿ. ಕೊಲೊರಾಡೊ ಸ್ಪ್ರಿಂಗ್ಸ್‌ನ ಬ್ರಾಡ್‌ಮೂರ್ ಐಸ್ ಪ್ಯಾಲೇಸ್‌ಗೆ ಬಂದದ್ದು ನಾಲ್ಕೇ ತಂಡ. ಮಿಷಿಗನ್ 8-4ರಿಂದ ಡಾರ್ಟ್‌ಮತ್ ತಂಡವನ್ನು ಸೋಲಿಸಿತು.

ನಿಲುಗಡೆಗಳಲ್ಲಿ ಹೊಸಬರಿಗೆ ತಲೆಬುಡ ಹತ್ತದ್ದು ಐಸಿಂಗ್. ಅದರ ಹಿಂದಿನ ಕಥೆ ಗೊತ್ತಾದರೆ ನಿಯಮ ತಾನೇ ಅರ್ಥವಾಗುತ್ತದೆ. ಸುಮಾರು 200 ಅಡಿ ಉದ್ದದ ರಿಂಕ್. ಒಂದು ಗೋಲಿನಿಂದ ಮುಂದಿರುವ ತಂಡ ಬಿಲ್ಲೆ ಸಿಕ್ಕಾಗಲೆಲ್ಲ ಈ ತುದಿಯಿಂದ ಆ ತುದಿಗೆ ಹೊಡೆದು ಕಳಿಸುತ್ತಿದ್ದರೆ ಆಟವೇ ಇರುವುದಿಲ್ಲ. 1931ರಲ್ಲಿ ಎನ್‌ಎಚ್‌ಎಲ್ ಎಂಬ ವೃತ್ತಿಪರ ಲೀಗಿನ ನ್ಯೂಯಾರ್ಕ್ ಅಮೆರಿಕನ್ಸ್ ತಂಡ ಬಾಸ್ಟನ್ನಿನಲ್ಲಿ ಹೀಗೆ 61 ಸಲ ಮಾಡಿತು. ಮುಂದೆ ನ್ಯೂಯಾರ್ಕಿಗೆ ಹೋದಾಗ ಬಾಸ್ಟನ್ನಿನವರು 87 ಸಲ ಮಾಡಿ ಸೇಡು ತೀರಿಸಿಕೊಂಡರು. ಆ ಪಂದ್ಯ 0-0. ದುಡ್ಡು ಕೊಟ್ಟು ಬಂದವರ ಪಾಡು ಹೇಗಿತ್ತೋ! ಇಷ್ಟಾದರೂ ಎನ್‌ಎಚ್‌ಎಲ್ ಐಸಿಂಗ್ ನಿಯಮ ತರಲು 1937ರವರೆಗೆ ಕಾಯಿತು. ಮಧ್ಯದ ಗೆರೆಗಿಂತ ಹಿಂದಿನಿಂದ ಹೊಡೆದ ಬಿಲ್ಲೆ ಯಾರಿಗೂ ತಾಗದೆ ಎದುರಾಳಿಯ ಗೋಲುಗೆರೆ ದಾಟಿದರೆ ಸೀಟಿ. ಹೊಡೆದ ತಂಡದ ಗೋಲಿನ ಪಕ್ಕಕ್ಕೇ ಬಿಲ್ಲೆಯನ್ನು ಮರಳಿ ತಂದು ಫೇಸ್‌ಆಫ್. ಅದೂ ಸಾಲದೆಂದು, ಐಸಿಂಗ್ ಮಾಡಿದ ತಂಡ ಸುಸ್ತಾದ ಆಟಗಾರರನ್ನು ಬದಲಿಸುವಂತಿಲ್ಲ ಎಂಬುದೂ ಆಮೇಲೆ ಸೇರಿತು. ಆದರೆ ಶಿಕ್ಷೆಯ ಕಾರಣ ಒಬ್ಬ ಆಟಗಾರ ಕಡಿಮೆ ಇರುವ ತಂಡಕ್ಕೆ ಐಸಿಂಗ್ ಮಾಫಿ.

ಇದರಲ್ಲೂ ಜಗಳ ಉಳಿಯಿತು. ಬಿಲ್ಲೆ ಗೆರೆ ದಾಟಿದ ತಕ್ಷಣ ಊದಬೇಕೋ, ಅಥವಾ ರಕ್ಷಕ ಅದನ್ನು ಮುಟ್ಟುವವರೆಗೆ ಕಾಯಬೇಕೋ? ವೃತ್ತಿಪರರು ಕಾಯುತ್ತಿದ್ದರು. ಇಬ್ಬರು ಪೂರ್ತಿ ವೇಗದಲ್ಲಿ ಬಿಲ್ಲೆಗೆ ಓಡಿ ಗೋಡೆಗೆ ಅಪ್ಪಳಿಸಿ ಕಾಲು ಮುರಿದುಕೊಂಡದ್ದುಂಟು. ಕಾಲೇಜುಗಳು ತಕ್ಷಣ ಊದುತ್ತಿದ್ದವು. ಅಪಾಯವಿಲ್ಲ, ಆದರೆ ಸಪ್ಪೆ. 2010ರಲ್ಲಿ ಕಾಲೇಜು ಹಾಕಿ ನಡುದಾರಿ ಹಿಡಿಯಿತು. ಇಬ್ಬರೂ ಓಡಲಿ, ಗೋಲಿನ ಅಕ್ಕಪಕ್ಕದ ಫೇಸ್‌ಆಫ್ ಚುಕ್ಕೆಗಳ ಮಟ್ಟಕ್ಕೆ ಬರುವಾಗ ಯಾರು ಮುಂದಿದ್ದಾರೆಂದು ಲೈನ್ಸ್‌ಮನ್ ನೋಡಲಿ. ರಕ್ಷಕ ಮುಂದಿದ್ದರೆ ಅಲ್ಲೇ ಸೀಟಿ, ಗೋಡೆಯವರೆಗೆ ಹೋಗುವುದೇ ಬೇಡ. ಕೋಟ್ಯಂತರ ಡಾಲರಿನ ಎನ್‌ಎಚ್‌ಎಲ್ ಇದೇ ನಿಯಮಕ್ಕೆ ಬಂದದ್ದು 2013ರಲ್ಲಿ. ವಿದ್ಯಾರ್ಥಿಗಳ ಆಟ ಮೂರು ವರ್ಷ ಮುಂದಿತ್ತು.

ಆಫ್‌ಸೈಡ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ: ಎದುರಾಳಿಯ ವಲಯ ಶುರುವಾಗುವ ನೀಲಿ ಗೆರೆಯನ್ನು ಬಿಲ್ಲೆಗಿಂತ ಮೊದಲು ಆಕ್ರಮಣಕಾರ ದಾಟಬಾರದು, ಅಷ್ಟೆ. ಹುಲ್ಲಿನ ಹಾಕಿ 1990ರ ದಶಕದಲ್ಲಿ ಆಫ್‌ಸೈಡನ್ನೇ ಕಿತ್ತುಹಾಕಿತು. ಐಸಿನವರು ಬಿಟ್ಟಿಲ್ಲ, ಅದರ ಬೆಲೆ ಏನೆಂದು ಮುಂದೆ ನೋಡೋಣ.

ಸೀಟಿಯನ್ನು ಬೇಕೆಂದೇ ತಡೆಹಿಡಿಯುವ ಸಂದರ್ಭವೂ ಒಂದಿದೆ. ಒಂದು ತಂಡ ತಪ್ಪು ಮಾಡಿದಾಗ ಬಿಲ್ಲೆ ಎದುರಾಳಿಯ ಬಳಿ ಇದ್ದರೆ ರೆಫರಿ ಊದುವುದಿಲ್ಲ, ಒಂದು ಕೈ ಮೇಲೆತ್ತುತ್ತಾರೆ. ತಪ್ಪು ಮಾಡಿದವರ ವಶಕ್ಕೆ ಬಿಲ್ಲೆ ಬಂದಾಗಷ್ಟೇ ಆಟ ನಿಲ್ಲುವುದು. ಅಲ್ಲಿಯವರೆಗೆ ಇನ್ನೊಂದು ತಂಡಕ್ಕೆ ಗೋಲು ಬೀಳುವ ಭಯವಿಲ್ಲವಾದ್ದರಿಂದ ಗೋಲ್‌ಕೀಪರನ್ನು ಬೆಂಚಿಗೆ ಕರೆದು ಆರನೆಯ ಆಟಗಾರನನ್ನು ಇಳಿಸುತ್ತದೆ. ಆ ನಡುವೆ ಗೋಲಾದರೆ ಎನ್‌ಎಚ್‌ಎಲ್‌ನಲ್ಲಿ ಎರಡು ನಿಮಿಷದ ಸಣ್ಣ ಶಿಕ್ಷೆ ರದ್ದು. ಕಾಲೇಜಿನಲ್ಲಿ ಹಾಗಿಲ್ಲ: ಗೋಲೂ ಉಂಟು, ತಪ್ಪಿತಸ್ಥ ಹೊರಗೆ ಕೂರುವುದೂ ಉಂಟು. ತಪ್ಪು ಮಾಡಿದ್ದಕ್ಕೆ ಒಂದು, ತಡೆಯಲಾಗದ್ದಕ್ಕೆ ಇನ್ನೊಂದು. ನನಗೆ ಇದೇ ನ್ಯಾಯ ಎನಿಸುತ್ತದೆ. ಹೊಡೆದಾಟದ ವಿಷಯದಲ್ಲೂ ಹಾಗೆಯೇ. ವೃತ್ತಿಪರ ಆಟದಲ್ಲಿ ಗುದ್ದಾಡಿದವರು ಐದು ನಿಮಿಷ ಕೂತು ವಾಪಸಾಗುತ್ತಾರೆ, ಕಾಲೇಜಿನಲ್ಲಿ ಆ ಪಂದ್ಯವೂ ಹೋಯಿತು, ಮುಂದಿನದ್ದೂ ಹೋಯಿತು.

ಇನ್ನು ನಿಯಮದ ಪುಸ್ತಕ ಕನಸಿನಲ್ಲೂ ಎಣಿಸದ ಗೋಲು. 1996ರ ಮಾರ್ಚ್ 24, ಈಸ್ಟ್ ಲ್ಯಾನ್ಸಿಂಗ್‌ನಲ್ಲಿ ಮಿಷಿಗನ್ ಮತ್ತು ಮಿನ್ನೆಸೋಟ ನಡುವಿನ ಎನ್‌ಸಿಎಎ ಪಂದ್ಯ. ಮಿಷಿಗನ್ನಿನ ಮೈಕ್ ಲೆಗ್ ಗೋಲಿನ ಹಿಂದೆ ಬಿಲ್ಲೆಯೊಡನೆ ನಿಂತಿದ್ದ. ಅಲ್ಲಿಂದ ಗೋಲು ಹೊಡೆಯಲಾಗದು, ಪಾಸ್ ಕೊಡಬೇಕು ಅಥವಾ ಸುತ್ತು ಹಾಕಿ ಮುಂದೆ ಬರಬೇಕು. ಲೆಗ್ ಎರಡೂ ಮಾಡಲಿಲ್ಲ. ಸ್ಟಿಕ್ಕಿನ ಅಲಗನ್ನು ಮಲಗಿಸಿ ಬಿಲ್ಲೆಯನ್ನು ದೋಸೆ ಎತ್ತಿದ ಹಾಗೆ ಎತ್ತಿಕೊಂಡ, ಅದು ಬೀಳದಂತೆ ಸ್ಟಿಕ್ಕನ್ನು ಬೀಸುತ್ತಲೇ ಗೋಲುಕಂಬದ ಪಕ್ಕದಿಂದ ಸುತ್ತಿಸಿ ಮೇಲಿನ ಮೂಲೆಗೆ ಸೇರಿಸಿಬಿಟ್ಟ. ನೆಲದ ಮೇಲೆಯೇ ಕಣ್ಣಿಟ್ಟಿದ್ದ ಗೋಲ್‌ಕೀಪರ್‌ಗೆ ಬಿಲ್ಲೆ ಹೆಗಲ ಮೇಲಿಂದ ಹೋದದ್ದೇ ಗೊತ್ತಾಗಲಿಲ್ಲ.

ಇದು ನ್ಯಾಯವೇ? ಸ್ಟಿಕ್ಕನ್ನು ಎತ್ತರಕ್ಕೆ ಎತ್ತಿ ಬಿಲ್ಲೆ ಹೊಡೆದು ಗೋಲು ಮಾಡುವಂತಿಲ್ಲ. ಮಿತಿ ಗೋಲಿನ ಅಡ್ಡಪಟ್ಟಿ, ನೆಲದಿಂದ ನಾಲ್ಕು ಅಡಿ. ಲೆಗ್‌ನ ಬಿಲ್ಲೆ ಅಡ್ಡಪಟ್ಟಿಯ ಕೆಳಗಿನಿಂದಲೇ ಒಳಗೆ ಹೋಗಿತ್ತು. ಎತ್ತಿಕೊಂಡು ಹೋಗಬಾರದೆಂದು ಎಲ್ಲೂ ಬರೆದಿರಲಿಲ್ಲ. ಗೋಲು ಉಳಿಯಿತು. ಪಂದ್ಯವನ್ನು 4-3ರಿಂದ ಗೆದ್ದ ಮಿಷಿಗನ್ ಮುಂದೆ ಸಿನ್ಸಿನಾಟಿಯಲ್ಲಿ ಪ್ರಶಸ್ತಿಯನ್ನೂ ಗೆದ್ದಿತು. ಲೆಗ್ ಈ ಚಳಕವನ್ನು ಬಿಲ್ ಆರ್ಮ್‌ಸ್ಟ್ರಾಂಗ್ ಎಂಬ ಆಟಗಾರನಿಂದ ಕಲಿತಿದ್ದ, ಆದರೆ ಹೆಸರು ನಿಂತದ್ದು ವಿಶ್ವವಿದ್ಯಾಲಯದ್ದು. ಇವತ್ತಿಗೂ ಅದನ್ನು 'ದಿ ಮಿಷಿಗನ್' ಎನ್ನುತ್ತಾರೆ. ಎನ್‌ಎಚ್‌ಎಲ್‌ನಲ್ಲಿ ಅದನ್ನು ಮೊದಲು ಮಾಡಿ ತೋರಿಸಿದ್ದು ಆಂದ್ರೆ ಸ್ವೆಚ್ನಿಕೋವ್, 2019ರಲ್ಲಿ. ಇಪ್ಪತ್ತಮೂರು ವರ್ಷ ಬೇಕಾಯಿತು!

ಐಸ್ ಹಾಕಿಯಲ್ಲಿ ಸೀಟಿಯ ಜೊತೆ ಗಡಿಯಾರವೂ ನಿಲ್ಲುತ್ತದೆ. ಇಪ್ಪತ್ತು ನಿಮಿಷದ ಮೂರು ಅವಧಿ ಎಂದರೆ ನಿಜಕ್ಕೂ ಅರವತ್ತು ನಿಮಿಷದ ಆಟ. ಮುಂದಿರುವ ತಂಡ ನೆಲದ ಮೇಲೆ ಹೊರಳಾಡಿ ಹೊತ್ತು ಕಳೆಯುವಂತಿಲ್ಲ. 2009ರ ಫೈನಲ್‌ನಲ್ಲಿ, ವಾಷಿಂಗ್ಟನ್ನಿನಲ್ಲಿ, ಮಿಯಾಮಿ ತಂಡ (ಇದು ಒಹಾಯೊದ ಮಿಯಾಮಿ, ಫ್ಲಾರಿಡಾದ್ದಲ್ಲ) ಒಂದು ನಿಮಿಷ ಉಳಿದಾಗ 3-1ರಿಂದ ಮುಂದಿತ್ತು. ಬಾಸ್ಟನ್ ಯೂನಿವರ್ಸಿಟಿ ಗೋಲ್‌ಕೀಪರನ್ನು ಕರೆಸಿಕೊಂಡು ಆರು ಜನರನ್ನು ಮುನ್ನುಗ್ಗಿಸಿತು. 59.5 ಸೆಕೆಂಡ್ ಉಳಿದಾಗ ಝಾಕ್ ಕೊಹೆನ್, 17.4 ಸೆಕೆಂಡ್ ಉಳಿದಾಗ ನಿಕ್ ಬೊನಿನೊ. ಓವರ್‌ಟೈಮ್‌ನ ಹನ್ನೆರಡನೇ ನಿಮಿಷದಲ್ಲಿ ಕೋಲ್ಬಿ ಕೊಹೆನ್ ಹೊಡೆದದ್ದು ಮಿಯಾಮಿಯ ರಕ್ಷಕನಿಗೇ ತಾಗಿ ದಿಕ್ಕು ಬದಲಿಸಿ ಒಳಗೆ ಹೋಯಿತು. ಆರು ವರ್ಷದ ನಂತರ ಒ'ಕಾನರ್ ಗ್ಲೌಸಿನಿಂದ ಬಿಲ್ಲೆ ಜಾರಿಸಿಕೊಂಡದ್ದು ಇದೇ ತಂಡ ಎಂಬುದನ್ನು ನೆನೆದರೆ, ಕೊಟ್ಟು ತೆಗೆದುಕೊಂಡ ಲೆಕ್ಕ ಚುಕ್ತಾ.

ಸಮವಾದ ಆಟ ಎಲ್ಲಿ ನಿಲ್ಲಬೇಕು ಎಂಬುದಕ್ಕೆ ಕಾಲೇಜಿನಲ್ಲಿ ಎರಡು ಉತ್ತರವಿದೆ. ಮಾಮೂಲಿ ಪಂದ್ಯಗಳಲ್ಲಿ ಐದು ನಿಮಿಷದ ಓವರ್‌ಟೈಮ್. 2020ರಿಂದ ಅದರಲ್ಲಿ ಗೋಲ್‌ಕೀಪರ್ ಬಿಟ್ಟು ಮೂವರೇ ಆಡುತ್ತಾರೆ. ಖಾಲಿ ಜಾಗ ಜಾಸ್ತಿ, ಬೇಗ ಇತ್ಯರ್ಥ. ನಾಕೌಟ್ ಹಂತದಲ್ಲಿ ಮಾತ್ರ ಗೋಲು ಬೀಳುವವರೆಗೆ ಇಪ್ಪತ್ತಿಪ್ಪತ್ತು ನಿಮಿಷ ಆಡುತ್ತಲೇ ಇರಬೇಕು. ಹೀಗೆ 2015ರ ಮಾರ್ಚ್‌ನಲ್ಲಿ, ಹಾಕಿ ಈಸ್ಟ್ ಎಂಬ ಪ್ರಾದೇಶಿಕ ಲೀಗಿನ ನಾಕೌಟ್‌ನಲ್ಲಿ, ಮ್ಯಾಸಚೂಸೆಟ್ಸ್ ತಂಡ ನೋಟರ್ ಡೇಮ್ ವಿರುದ್ಧ ಗೆಲ್ಲಲು ಐದನೇ ಓವರ್‌ಟೈಮ್‌ವರೆಗೆ, ಒಟ್ಟು 151 ನಿಮಿಷ 42 ಸೆಕೆಂಡ್ ಆಡಿತು.

ರಾಷ್ಟ್ರಮಟ್ಟದ ಎನ್‌ಸಿಎಎ ಟೂರ್ನಿಯಲ್ಲಿ ಅತಿ ಉದ್ದದ ಪಂದ್ಯ 2021ರ ಮಾರ್ಚ್ 27ರಂದು ಫಾರ್ಗೊದಲ್ಲಿ ನಡೆದದ್ದು. ಮಿನ್ನೆಸೋಟ ಡುಲುತ್ 2-0ಯಿಂದ ಮುಂದಿತ್ತು, ನಾರ್ತ್ ಡಕೋಟ ಕೊನೆಯ ಎರಡು ನಿಮಿಷದೊಳಗೆ ಎರಡು ಹೊಡೆದು ಸಮ ಮಾಡಿತು. ಮೊದಲ ಓವರ್‌ಟೈಮ್‌ನಲ್ಲೇ ಡುಲುತ್ ಗೋಲು ಹೊಡೆದು ಕುಣಿಯಿತು. ರೆಫರಿಗಳು ವಿಡಿಯೊ ನೋಡಿದರು. ಆಫ್‌ಸೈಡ್, ಗೋಲು ರದ್ದು. ಕೂದಲೆಳೆಯ ಅಂತರಕ್ಕೆ ಎಲ್ಲರನ್ನೂ ನಿಲ್ಲಿಸಿ ಪರದೆ ನೋಡುವ ಈ ಪದ್ಧತಿ ನನಗಂತೂ ಒಗ್ಗದು. ಗೆರೆಯ ಮೇಲೆ ನಿಂತ ಲೈನ್ಸ್‌ಮನ್ ಕಣ್ಣಿಗೆ ಕಾಣದ ಆಫ್‌ಸೈಡಿನಿಂದ ಯಾರಿಗೇನು ಲಾಭವಾಗಿತ್ತು? ಅದೇನೇ ಇರಲಿ, ಅಲ್ಲಿಂದ ಮುಂದೆ ಇನ್ನೂ ನಾಲ್ಕು ಓವರ್‌ಟೈಮ್. ಡುಲುತ್‌ನ ಗೋಲ್‌ಕೀಪರ್ ಝಾಕ್ ಸ್ಟೆಸ್ಕಲ್ ಕಾಲು ಸೆಟೆದುಕೊಂಡು ನಿಲ್ಲಲಾರದೆ ಹೊರನಡೆದ. ಅಷ್ಟು ಹೊತ್ತು ಬೆಂಚಿನಲ್ಲಿ ಕೂತು ಮೈ ತಣ್ಣಗಾಗಿದ್ದ ರಯಾನ್ ಫ್ಯಾಂಟಿ ಇಳಿಯಬೇಕಾಯಿತು. ಲ್ಯೂಕ್ ಮೈಲಿಮೊಕ್ ಗೆಲುವಿನ ಗೋಲು ಹೊಡೆದಾಗ ಮಧ್ಯರಾತ್ರಿ ದಾಟಿತ್ತು. ಆಡಿದ್ದು 142 ನಿಮಿಷ 13 ಸೆಕೆಂಡ್.

ಎರಡು ವರ್ಷದ ನಂತರ, 2023ರ ಏಪ್ರಿಲ್ 8ರಂದು, ಟ್ಯಾಂಪಾದಲ್ಲಿ ಕ್ವಿನಿಪಿಯಾಕ್ ಮತ್ತು ಮಿನ್ನೆಸೋಟ ನಡುವಿನ ಫೈನಲ್ ಕೂಡ 2-2ರಲ್ಲಿ ಓವರ್‌ಟೈಮ್‌ಗೆ ಹೋಯಿತು. ಐದು ಓವರ್‌ಟೈಮ್ ಎಂದರೇನೆಂದು ಕ್ವಿನಿಪಿಯಾಕ್‌ಗೆ ಚೆನ್ನಾಗಿ ಗೊತ್ತಿತ್ತು. 2010ರಲ್ಲಿ ಯೂನಿಯನ್ ಕಾಲೇಜಿನ ವಿರುದ್ಧ ಅಷ್ಟು ಆಡಿಯೇ ಗೆದ್ದಿತ್ತು. ಈ ಸಲ ಫೇಸ್‌ಆಫ್‌ಗೆ ಮೊದಲೇ ಲೆಕ್ಕ ಹಾಕಿಕೊಂಡು ಬಂದಿದ್ದರು. ಬಿಲ್ಲೆ ನೆಲಕ್ಕೆ ಬಿತ್ತು, ಹಿಂದಕ್ಕೆ ಹೋಯಿತು, ಅಲ್ಲಿಂದ ಸ್ಯಾಮ್ ಲಿಪ್ಕಿನ್‌ಗೆ, ಅವನಿಂದ ಓಡಿ ಬರುತ್ತಿದ್ದ ಜೇಕಬ್ ಕ್ವಿಲನ್‌ಗೆ. ಕ್ವಿಲನ್ ಗೋಲ್‌ಕೀಪರನ್ನು ಬಳಸಿ ಬಿಲ್ಲೆಯನ್ನು ಒಳಗೆ ತಳ್ಳಿದಾಗ ಗಡಿಯಾರ ಓಡಿದ್ದು ಹತ್ತು ಸೆಕೆಂಡ್. ಹೊಸದಾಗಿ ನುಣುಪು ಮಾಡಿದ ಐಸಿನ ಮೇಲೆ ಆ ಐದಾರು ಸ್ಕೇಟುಗಳ ಗೀರು ಬಿಟ್ಟರೆ ಬೇರೇನೂ ಮೂಡಿರಲಿಲ್ಲ.