ಆಲ್ಫಾ ಬ್ಲಾಕರ್: ಹೆಸರಲ್ಲಿ ಬ್ಲಾಕ್, ಕೆಲಸದಲ್ಲಿ ಸಡಿಲ

ನಮ್ಮ ಕಾಕಾ ವಿಜಯಪುರಕ್ಕೆ ಹೋಗಿ ಪ್ರಾಸ್ಟೇಟ್ ತೋರಿಸಿಕೊಂಡು ಬಂದ ದಿನ ಔಷಧದ ಚೀಟಿಯನ್ನು ನನ್ನ ಕೈಗಿಟ್ಟರು. "ತಮ್ಮಾ, ಇದೇನು ನೋಡಪಾ. ಒಂದಕ್ಕ ಹೋಗೂದು ಬ್ಲಾಕ್ ಆಗೇತಿ ಅಂತ ನಾ ಹೋದ್ರ, ಮತ್ತ ಬ್ಲಾಕರ್ ಅಂತ ಗುಳಿಗಿ ಕೊಟ್ಟು ಕಳಿಸ್ಯಾರ!" ಡಾಕ್ಟರ್ ಬಾಯಲ್ಲಿ ಕೇಳಿದ ಆ ಒಂದು ಪದ ತಲೆಯಲ್ಲಿ ಕೂತುಬಿಟ್ಟಿತ್ತು. ಎರಡು ದಿನ ಗುಳಿಗೆ ಮುಟ್ಟಲೇ ಇಲ್ಲ.

ಅವರ ಅನುಮಾನ ಸುಮ್ನೆ ಬಂದದ್ದಲ್ಲ, ಹೆಸರೇ ಹಾಗಿದೆ. ಆದರೆ ಈ ಗುಳಿಗೆ ತಡೆಯುವುದು ಮೂತ್ರವನ್ನಲ್ಲ. "ಬಿಗಿ ಹಿಡಿ" ಅಂತ ನರಗಳು ಕಳಿಸುವ ಹುಕುಮನ್ನು.

ರಕ್ತನಾಳಗಳ ಗೋಡೆಯಲ್ಲಿ ತೆಳು ಸ್ನಾಯು ಇರುತ್ತದೆ. ಗಂಡಸರ ಮೂತ್ರದ ದಾರಿಯ ಸುತ್ತ ಇದ್ದು ವಯಸ್ಸಾದಂತೆ ದೊಡ್ಡದಾಗುವ ಪ್ರಾಸ್ಟೇಟ್ ಗ್ರಂಥಿಯಲ್ಲಿ, ಮೂತ್ರಚೀಲದ ಬಾಯಿಯಲ್ಲಿ ಇರುವುದೂ ಅದೇ ಜಾತಿಯ ಸ್ನಾಯು. ನಾವು ಹೇಳಿದಂತೆ ಅದು ಕೇಳುವುದಿಲ್ಲ. ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕ ಬಂದು ಅದರ ಮೇಲಿನ ಸೀಟುಗಳಲ್ಲಿ, ಅಂದರೆ ರಿಸೆಪ್ಟರ್‌ಗಳಲ್ಲಿ ಕೂತಾಗ ಬಿಗಿಯುತ್ತದೆ. ನಮ್ಮ ಕಡೆ ಬಸ್ ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಒಗೆದು ಸೀಟು ಹಿಡಿಯುತ್ತಾರಲ್ಲ, ಆಲ್ಫಾ ಬ್ಲಾಕರ್ ಮಾಡುವುದು ಅಷ್ಟೇ. ಸೀಟಿನ ಮೇಲೆ ಟವೆಲ್ ಬಿದ್ದಿರುತ್ತದೆ, ನಾರ್‌ಅಡ್ರಿನಲಿನ್ ಬಂದು ನಿಂತುಕೊಳ್ಳುತ್ತದೆ, ಸ್ನಾಯು ಸಡಿಲವಾಗಿಯೇ ಉಳಿಯುತ್ತದೆ. ರಕ್ತನಾಳ ಸಡಿಲಾದರೆ ಬಿಪಿ ಇಳಿಯುತ್ತದೆ. ಪ್ರಾಸ್ಟೇಟ್ ಸಡಿಲಾದರೆ ಮೂತ್ರದ ದಾರಿ ಬಿಡುತ್ತದೆ. ಗ್ರಂಥಿ ಮಾತ್ರ ಸಣ್ಣದಾಗುವುದಿಲ್ಲ. ಅದನ್ನು ಕುಗ್ಗಿಸುವ ಗುಳಿಗೆ ಬೇರೆ, ಅದಕ್ಕೆ ತಿಂಗಳುಗಟ್ಟಲೆ ಬೇಕು. ಆಲ್ಫಾ ಬ್ಲಾಕರ್ ಗುಣ ಕೆಲವು ದಿನಗಳಿಂದ ಒಂದೆರಡು ವಾರದೊಳಗೆ ಗೊತ್ತಾಗುತ್ತದೆ.

'ಆಲ್ಫಾ' ಅಂದರೆ ಗ್ರೀಕ್ ವರ್ಣಮಾಲೆಯ ಮೊದಲ ಅಕ್ಷರ, ನಮ್ಮ 'ಅ' ಇದ್ದ ಹಾಗೆ. 1948ರಲ್ಲಿ ಅಮೆರಿಕದ ರೇಮಂಡ್ ಆಲ್‌ಕ್ವಿಸ್ಟ್ ಈ ರಿಸೆಪ್ಟರ್‌ಗಳನ್ನು ಆಲ್ಫಾ, ಬೀಟಾ ಅಂತ ಎರಡು ಗುಂಪು ಮಾಡಿದರು. ಅಟೆನೊಲಾಲ್, ಮೆಟೊಪ್ರೊಲಾಲ್ ಬೀಟಾ ಬ್ಲಾಕರ್‌ಗಳು, ಅವುಗಳ ಮುಖ್ಯ ಕೆಲಸ ಹೃದಯದ ಮೇಲೆ. ಎರಡನ್ನೂ ಒಂದೇ ಅಂದುಕೊಳ್ಳಬೇಡಿ. ಗುಳಿಗೆ ಪಟ್ಟಿಯ ಹಿಂದೆ ಸಣ್ಣಕ್ಷರದಲ್ಲಿ ಪ್ರಾಜೋಸಿನ್, ಟೆರಾಜೋಸಿನ್, ಡಾಕ್ಸಾಜೋಸಿನ್, ಆಲ್ಫುಜೋಸಿನ್, ಟ್ಯಾಮ್ಸುಲೋಸಿನ್, ಸೈಲೋಡೋಸಿನ್ ಅಂತ ಇದ್ದರೆ ಅದು ಆಲ್ಫಾ ಬ್ಲಾಕರ್. ಕೊನೆಯ ಎರಡು ಹೆಚ್ಚಾಗಿ ಪ್ರಾಸ್ಟೇಟ್ ಕಡೆಯ ರಿಸೆಪ್ಟರ್‌ಗಳನ್ನೇ ಹಿಡಿಯುತ್ತವೆ, ಬಿಪಿ ಅಷ್ಟಾಗಿ ಇಳಿಸುವುದಿಲ್ಲ. ಅಷ್ಟಾಗಿ ಅಂದೆ, ಇಳಿಸುವುದೇ ಇಲ್ಲ ಅನ್ನಲಿಲ್ಲ. ಮೂತ್ರನಾಳದಲ್ಲಿ ಕಲ್ಲು ಸಿಕ್ಕಿಕೊಂಡವರಿಗೂ ಟ್ಯಾಮ್ಸುಲೋಸಿನ್ ಬರೆಯುವುದುಂಟು. ಹಾಗಾಗಿ ಹೆಂಗಸರ ಚೀಟಿಯಲ್ಲೂ ಅದು ಕಂಡರೆ ಗಾಬರಿ ಬೇಡ.

ಈಗ ತೊಂದರೆಯ ವಿಷಯ. ನಾವು ಎದ್ದು ನಿಂತಾಗ ಅರ್ಧ ಲೀಟರಿಗಿಂತ ಜಾಸ್ತಿ ರಕ್ತ ಹೊಟ್ಟೆ ಮತ್ತು ಕಾಲಿನ ಕಡೆ ಇಳಿಯುತ್ತದೆ. ಕೂಡಲೇ ರಕ್ತನಾಳಗಳು ಬಿಗಿದು ಅದನ್ನು ಮೇಲಕ್ಕೆ ಒತ್ತಬೇಕು. ಹಾಗೆ ಬಿಗಿಯುವುದಕ್ಕೆ ಬೇಕಾದ ಸೀಟಿನ ಮೇಲೇ ಟವೆಲ್ ಬಿದ್ದಿದೆ, ಅಲ್ವಾ? ಅದಕ್ಕೇ ತಲೆ ಸುತ್ತುವುದು, ಕಣ್ಣಿಗೆ ಕತ್ತಲೆ ಬರುವುದು, ಕೆಲವರು ಬಿದ್ದೇ ಬಿಡುವುದು. ಮೊದಲ ಗುಳಿಗೆಯಲ್ಲಿ ಇದು ಹೆಚ್ಚು. ಪ್ರಾಜೋಸಿನ್ ಬಂದ ಹೊಸದರಲ್ಲಿ ಮೊದಲ ದಿನವೇ 2 ಮಿಲಿಗ್ರಾಂ ನುಂಗಿದ ಕೆಲವರು ಎಚ್ಚರ ತಪ್ಪಿದ್ದರು. ಅದಕ್ಕೇ ಈಗ ಡಾಕ್ಸಾಜೋಸಿನ್, ಟೆರಾಜೋಸಿನ್‌ಗಳನ್ನು 1 ಮಿಲಿಗ್ರಾಂನಿಂದ ಶುರು ಮಾಡಿ ನಿಧಾನ ಏರಿಸುತ್ತಾರೆ. ಮೊದಲ ಗುಳಿಗೆಯನ್ನು ಮಲಗುವ ಹೊತ್ತಿಗೆ ಅನ್ನುತ್ತಾರೆ.

ಇಲ್ಲೊಂದು ತಮಾಷೆ ಇದೆ. ಮಲಗಿದ್ದರೆ ಬೀಳುವುದಿಲ್ಲ ಅಂತ ರಾತ್ರಿ ಗುಳಿಗೆ ಕೊಡುತ್ತಾರೆ, ಆದರೆ ಪ್ರಾಸ್ಟೇಟ್ ತೊಂದರೆ ಇದ್ದವರು ರಾತ್ರಿ ಮಲಗಿದ್ದಲ್ಲೇ ಎಲ್ಲಿರುತ್ತಾರೆ? ಎರಡು ಸಲ, ಮೂರು ಸಲ ಏಳಲೇಬೇಕು. ನಮ್ಮ ಕಾಕಾ ಬ್ಯಾಸಿಗೆಯಲ್ಲಿ ಮಲಗುವುದು ಮಾಳಿಗೆ ಮೇಲೆ. ಒಂದು ರಾತ್ರಿ ಅವಸರಕ್ಕೆ ದಡಕ್ಕನೆ ಎದ್ದವರು ಮೂರನೇ ಮೆಟ್ಟಿಲಿನ ಹತ್ತಿರ ಗೋಡೆ ಹಿಡಿದು ನಿಂತುಬಿಟ್ಟರು. ಕೈಯಲ್ಲಿದ್ದ ಬ್ಯಾಟರಿ ಉರುಳುತ್ತಾ ಅಂಗಳಕ್ಕೆ ಬಂತು, ಆ ಸದ್ದಿಗೆ ನಮಗೆಲ್ಲ ಎಚ್ಚರವಾಯಿತು. "ಏನಿಲ್ಲ, ಸ್ವಲ್ಪ ಚಕ್ಕರ್ ಬಂದಂಗ ಆತು" ಅಂದರು. ಮರುದಿನ ಅವರ ಹೊರಸು ಕೆಳಗೆ, ಪಡಸಾಲೆಗೆ ಇಳಿಯಿತು. ಮೊದಲು ಎದ್ದು ಕೂತು, ಕಾಲು ಇಳಿಬಿಟ್ಟು, ಪಾದ ನಾಲ್ಕು ಸಲ ಮೇಲೆ ಕೆಳಗೆ ಆಡಿಸಿ, ಒಂದು ನಿಮಿಷ ಬಿಟ್ಟು ನಿಲ್ಲುವುದು. ಜೀರೋ ಬಲ್ಬ್ ಉರಿಯುತ್ತಿರುವುದು. ನಿಂತು ಮಾಡುವ ಬದಲು ಕೂತು ಮಾಡುವುದು. ತಲೆ ಸುತ್ತಿದರೆ ಮಾನ ಮರ್ಯಾದೆ ನೋಡದೆ ಅಲ್ಲೇ ಮಲಗಿಬಿಡುವುದು. ಇದಿಷ್ಟನ್ನು ಯಾವ ಗುಳಿಗೆಯ ಡಬ್ಬಿಯ ಮೇಲೂ ದೊಡ್ಡದಾಗಿ ಬರೆದಿರುವುದಿಲ್ಲ.

ಮನೆಯಲ್ಲಿ ಬಿಪಿ ಯಂತ್ರ ಇದ್ದರೆ ಐದು ನಿಮಿಷ ಮಲಗಿಸಿ ನೋಡಿ, ನಿಲ್ಲಿಸಿ ಒಂದನೇ ಮತ್ತು ಮೂರನೇ ನಿಮಿಷಕ್ಕೆ ಮತ್ತೆ ನೋಡಿ. ಮೇಲಿನ ಅಂಕಿ 20, ಇಲ್ಲವೇ ಕೆಳಗಿನದು 10 ಇಳಿದರೆ ಡಾಕ್ಟರಿಗೆ ಹೇಳಿ. ನಮ್ಮ ಕಡೆ ಮೇ ತಿಂಗಳ 40 ಡಿಗ್ರಿ ಬಿಸಿಲಲ್ಲಿ ನೀರು ಕಡಿಮೆ ಕುಡಿದವರಿಗೆ, ವಾಂತಿ ಭೇದಿ ಆದವರಿಗೆ, ಹೆಂಡ ಕುಡಿದವರಿಗೆ ಈ ಇಳಿತ ಇನ್ನೂ ಜಾಸ್ತಿ.

ಗುಳಿಗೆ ನಡುವೆ ಬಿಟ್ಟುಹೋಗುವುದು ಮತ್ತೊಂದು ಕತೆ. ಯುಗಾದಿಗೆ ಮುಂಚೆ ಶ್ರೀಶೈಲಕ್ಕೆ ಪಾದಯಾತ್ರೆ ಹೊರಟವರು ಪಟ್ಟಿ ಮನೆಯಲ್ಲೇ ಮರೆತರು ಅನ್ನಿ. ಹತ್ತು ದಿನ ಬಿಟ್ಟು ಬಂದು ಹಳೆಯ ಪೂರ್ತಿ ಡೋಸನ್ನೇ ನುಂಗಿದರೆ ದೇಹಕ್ಕೆ ಅದು ಮತ್ತೆ ಮೊದಲ ಗುಳಿಗೆಯೇ. ಕೆಲವು ದಿನ ತಪ್ಪಿದರೆ ಡಾಕ್ಟರನ್ನು ಕೇಳಿಯೇ ಶುರು ಮಾಡಬೇಕು. ಹೆಚ್ಚಾಗಿ ಸಣ್ಣ ಡೋಸಿನಿಂದಲೇ ಹೊರಡಿಸುತ್ತಾರೆ. ಒಂದು ದಿನ ತಪ್ಪಿದ್ದಕ್ಕೆ ಮರುದಿನ ಎರಡು ನುಂಗುವುದಂತೂ ಬೇಡ. ಟ್ಯಾಮ್ಸುಲೋಸಿನ್ ಕ್ಯಾಪ್ಸೂಲನ್ನು ದಿನಾ ಒಂದೇ ಊಟದ ನಂತರ, ಸುಮಾರು ಅರ್ಧ ಗಂಟೆ ಬಿಟ್ಟು ತೆಗೆದುಕೊಳ್ಳಬೇಕು. ಬಿಚ್ಚಬಾರದು, ಅಗಿಯಬಾರದು.

ಒಂದೇ ಏಟಿಗೆ ಎರಡು ಹಕ್ಕಿ ಅಂತ ಬಿಪಿಯನ್ನೂ ಇದರ ಮೇಲೆಯೇ ಬಿಡಬಹುದಲ್ಲ ಅಂತ ಅನ್ನಿಸುತ್ತದೆ. ಹಿಂದೆ ಹಾಗೂ ಅಂದುಕೊಂಡಿದ್ದರು. ಆಲ್‌ಹ್ಯಾಟ್ ಎಂಬ ದೊಡ್ಡ ಅಧ್ಯಯನದಲ್ಲಿ ಡಾಕ್ಸಾಜೋಸಿನ್ ತೆಗೆದುಕೊಂಡವರಲ್ಲಿ ಹಾರ್ಟ್ ಫೇಲ್ಯೂರ್, ಅಂದರೆ ಹೃದಯ ಸೋಲುವುದು, ಇನ್ನೊಂದು ಬಿಪಿ ಗುಳಿಗೆ ತೆಗೆದುಕೊಂಡವರಿಗಿಂತ ಸುಮಾರು ಎರಡು ಪಟ್ಟು ಕಂಡಿತು. 2000ದಲ್ಲಿ ಆ ಭಾಗವನ್ನೇ ಅರ್ಧಕ್ಕೆ ನಿಲ್ಲಿಸಿದರು. ಅಂದಿನಿಂದ ಬಿಪಿಗೆ ಇದು ಮೊದಲ ಗುಳಿಗೆಯಲ್ಲ, ಬೇರೆಯವು ಸಾಲದಾದಾಗ ಜೊತೆಗೆ ಸೇರಿಸುವ ಗುಳಿಗೆ. ನಮ್ಮಲ್ಲಿ ಬಿಪಿಗೆ ಒಬ್ಬ ಡಾಕ್ಟರ್, ಮೂತ್ರಕ್ಕೆ ಇನ್ನೊಬ್ಬರು. ಒಬ್ಬರ ಚೀಟಿ ಇನ್ನೊಬ್ಬರಿಗೆ ತೋರಿಸದೆ ಇದ್ದರೆ ಎರಡು ಕಡೆಯಿಂದಲೂ ಬಿಪಿ ಇಳಿಯುತ್ತದೆ. ಮೆಡಿಕಲ್‌ನಲ್ಲಿ ಗುಟ್ಟಾಗಿ ಕೇಳಿ ತರುವ ಲೈಂಗಿಕ ಶಕ್ತಿಯ ಗುಳಿಗೆಗಳು, ಸಿಲ್ಡೆನಾಫಿಲ್, ಟಡಾಲಾಫಿಲ್, ಇದರ ಜೊತೆ ಸೇರಿದರೆ ಬಿಪಿ ಧಡಕ್ಕನೆ ಕುಸಿಯಬಹುದು, ಇದನ್ನು ನಾಚಿಕೆ ಬಿಟ್ಟು ಡಾಕ್ಟರಿಗೆ ಹೇಳಲೇಬೇಕು. ನೆಗಡಿಯ ಗುಳಿಗೆಗಳಲ್ಲಿ ಕೆಲವು ಉಲ್ಟಾ ಕೆಲಸ ಮಾಡಿ ಮೂತ್ರ ಪೂರ್ತಿ ಕಟ್ಟುವಂತೆ ಮಾಡುತ್ತವೆ. ಮೂತ್ರ ಹನಿಯೂ ಬರದಿದ್ದರೆ ಬೆಳಗಾಗುವವರೆಗೆ ಕಾಯಬೇಡಿ. ಸೈಲೋಡೋಸಿನ್ ತೆಗೆದುಕೊಳ್ಳುವ ಗಂಡಸರಿಗೆ ವೀರ್ಯ ಹೊರಗೆ ಬರದೆ ಹೋಗಬಹುದು. ಅದರಿಂದ ಅಪಾಯವಿಲ್ಲ, ಗುಳಿಗೆ ನಿಂತರೆ ಸರಿಯಾಗುತ್ತದೆ.

ವಿಷಯ ಬಿಟ್ಟು ಒಂದು ಮಾತು. ಚೇಳಿನ ಭಯ ಗೊತ್ತಿರುವ ನಮ್ಮ ಸೀಮೆಯವರಿಗೆ ಇದು ಹಿಡಿಸಬಹುದು. ಕೆಂಪು ಚೇಳು ಕಡಿದಾಗ ಮೈಯಲ್ಲಿ ಅಡ್ರಿನಲಿನ್, ನಾರ್‌ಅಡ್ರಿನಲಿನ್ ಉಕ್ಕಿ, ರಕ್ತನಾಳಗಳೆಲ್ಲ ಬಿಗಿದು, ಹೃದಯ ಸೋತು, ಶ್ವಾಸಕೋಶದಲ್ಲಿ ನೀರು ತುಂಬಬಹುದು. ಮಹಾರಾಷ್ಟ್ರದ ಮಹಾಡ್ ಊರಿನ ಡಾ. ಹಿಮ್ಮತರಾವ್ ಬಾವಸ್ಕರ್ 1980ರ ದಶಕದಲ್ಲಿ ಇದಕ್ಕೆ ಪ್ರಾಜೋಸಿನ್ ಕೊಟ್ಟು ಎಷ್ಟೋ ಜೀವ ಉಳಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಇದನ್ನು ಓದಿ ಮನೆಯ ಬಿಪಿ ಗುಳಿಗೆಯನ್ನು ಚೇಳಿನ ಮದ್ದು ಮಾಡಬೇಡಿ ಮತ್ತೆ, ಅದು ಆಸ್ಪತ್ರೆಯಲ್ಲಿ ಮಲಗಿಸಿ, ಬಿಪಿ ನೋಡುತ್ತಾ ಕೊಡುವ ಔಷಧ.

ಇನ್ನೊಂದು, ಕಣ್ಣಿನ ಪೊರೆ. ಕಣ್ಣಿನ ಪಾಪೆಯನ್ನು ಅಗಲಿಸುವ ಸ್ನಾಯುವಿನಲ್ಲೂ ಇದೇ ರಿಸೆಪ್ಟರ್‌ಗಳಿವೆ. ಟ್ಯಾಮ್ಸುಲೋಸಿನ್ ತೆಗೆದುಕೊಂಡವರ ಕಣ್ಣಿನಲ್ಲಿ ಪೊರೆಯ ಆಪರೇಷನ್ ನಡೆಯುವಾಗ ಪಾಪೆಯ ಸುತ್ತಲಿನ ಬಣ್ಣದ ಪರದೆ ಜೋಲಾಡುವುದನ್ನು 2005ರಲ್ಲಿ ಮೊದಲು ವರದಿ ಮಾಡಿದರು. ಮುಂಚೆಯೇ ಗೊತ್ತಿದ್ದರೆ ಸರ್ಜನ್ ತಯಾರಿ ಮಾಡಿಕೊಳ್ಳುತ್ತಾರೆ. ಗುಳಿಗೆ ಬಿಟ್ಟು ವರ್ಷವಾಗಿದ್ದರೂ ಹೇಳಬೇಕು, ನಾವೇ ನಾಲ್ಕು ದಿನ ಮುಂಚೆ ನಿಲ್ಲಿಸಿದರೆ ಪ್ರಯೋಜನವಿಲ್ಲ.

ಹೋದ ತಿಂಗಳು ಊರಲ್ಲಿ ಕಣ್ಣಿನ ತಪಾಸಣೆ ಇತ್ತು. ಹೆಸರು ಬರೆದುಕೊಳ್ಳುತ್ತಿದ್ದ ಹುಡುಗಿ "ಏನರ ಗುಳಿಗಿ ತಗೋತೀರೇನ್ರಿ ಅಜ್ಜಾರ?" ಅಂತ ಕೇಳಿದಳು. ಕಾಕಾ ಅಂಗಿಯ ಕಿಸೆಯಿಂದ ಖಾಲಿ ಪಟ್ಟಿ ತೆಗೆದು ಮೇಜಿನ ಮೇಲಿಟ್ಟರು. "ಇದು ಬರಕೋವಾ ಮೊದಲ. ಹೆಸರಷ್ಟ ಬ್ಲಾಕರ್ ಐತಿ."